ಒಂಬತ್ತು ಎಕರೆ ವರ, ಒಂದು ರೇಷನ್ ಕಾರ್ಡು

ಹೋದ ಭಾನುವಾರ ಕುಣಿಗಲ್ಲಿಗೆ ಹೋಗಿದ್ದೆ. ನನ್ನ ಭಾಮೈದ ಬಡವ ಎಂದು ಸಾಬೀತು ಮಾಡಲು.

ನಗಬೇಡಿ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹೋಗಿ, ‘ನಮ್ಮ ಹುಡುಗನ ಹತ್ತಿರ ಅಂಥದ್ದೇನೂ ಇಲ್ಲ ಕಣಮ್ಮ, ದಯವಿಟ್ಟು ನಂಬಿ’ ಎಂದು ಕೈ ಮುಗಿದದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನೂ ಕಂಡಿರಲಿಲ್ಲ. ಮೊದಲ ಸಲ ನಾನೇ ಮಾಡಿ ಬಂದೆ.

ತಪ್ಪು ನನ್ನದೇ. (ಈ ವಾಕ್ಯ ಅಂಕಣದಲ್ಲಿ ಪದೇ ಪದೇ ಬರುತ್ತದೆ, ಮನೆಯಲ್ಲಿ ಮಾತ್ರ ಒಮ್ಮೆಯೂ ಬಂದಿಲ್ಲ ಎಂಬುದು ನನ್ನ ಹೆಂಡತಿ ಗಿರಿಜಳ ದೂರು.)

ಗಿರಿಜಳ ತಮ್ಮ ಶಿವಣ್ಣನಿಗೆ ನಲವತ್ನಾಲ್ಕು ವರ್ಷ. ಗುಬ್ಬಿ ಹತ್ತಿರ ತೆಂಗಿನ ತೋಟ ನೋಡಿಕೊಂಡಿದ್ದಾನೆ. ತೋಟ ನೋಡಿಕೊಂಡಿರುವವನಿಗೆ ಹೆಣ್ಣು ಸಿಗುವ ಕಷ್ಟ ನಿಮಗೆ ಗೊತ್ತೇ ಇದೆ. ಅವನೂ ಆಸೆ ಬಿಟ್ಟಿದ್ದ. ಆಗ ನೆಂಟರ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಕುಣಿಗಲ್ಲಿನ ಮಂಜುಳಾ. ಮೂವತ್ತೆಂಟು ವರ್ಷ. ಗಂಡ ತೀರಿಕೊಂಡು ಆರು ವರ್ಷವಾಗಿದೆ, ಮಕ್ಕಳಿಲ್ಲ. ಬ್ಲೌಸ್ ಹೊಲಿದು ತಾಯಿಯನ್ನು ನೋಡಿಕೊಳ್ಳುತ್ತಾರೆ. ಇಬ್ಬರೂ ಅದೇನು ಮಾತಾಡಿದರೋ ಗೊತ್ತಿಲ್ಲ. ಅವತ್ತಿನಿಂದ ಶಿವಣ್ಣ ಶರ್ಟಿಗೆ ಇಸ್ತ್ರಿ ಹಾಕಿಸತೊಡಗಿದ.

ಬಯೋಡೇಟಾ ಬರೆಯುವ ಕೆಲಸ ನನಗೆ ಬಂತು. ಪೇಪರಿಗೆ ಬರೆಯುವ ಭಾವ ಇರುವಾಗ ಬೇರೆಯವರನ್ನು ಯಾಕೆ ಕೇಳಬೇಕು? ಮರಳೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂದೇ ಉಸಿರಿಗೆ ಬರೆದೆ. ‘ಒಂಬತ್ತು ಎಕರೆ ತೆಂಗಿನ ತೋಟ. ಎರಡು ಬೋರ್‌ವೆಲ್. ಸ್ವಂತ ಕಾರು.’

ಸುಳ್ಳೇ? ಅಲ್ಲ. ಪಹಣಿಯಲ್ಲಿ ಒಂಬತ್ತು ಎಕರೆ ಇದೆ, ಶಿವಣ್ಣನ ಹೆಸರೂ ಇದೆ. ಜೊತೆಗೆ ಇನ್ನೂ ಐದು ಜನರ ಹೆಸರಿದೆ ಎಂಬುದು ನನಗೆ ಅನಗತ್ಯ ವಿವರ ಅನ್ನಿಸಿತು. ಬೋರ್‌ವೆಲ್ ಎರಡಿರುವುದು ನಿಜ, ನೀರು ಬರುವುದು ಒಂದರಲ್ಲಿ. ಕಾರು ನನ್ನದು. ಆದರೆ ಭಾವನ ಕಾರು ಭಾಮೈದನ ಕಾರಲ್ಲವೇ? (ಡೀಸೆಲ್ ಹಾಕಿಸುವಾಗ ಮಾತ್ರ ಅದು ನನ್ನ ಕಾರು.)

ಬಯೋಡೇಟಾ ಕಳಿಸಿದ ಮೂರನೇ ದಿನ ಮಂಜುಳಾ ಫೋನ್ ಮಾಡಿದರು. ಒಪ್ಪಿಗೆಯೇ ಇರಬೇಕೆಂದು ಮನೆಯವರೆಲ್ಲ ಕೇಳಲಿ ಅಂತ ಸ್ಪೀಕರಿಗೆ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತೆ.

‘ಸಾರ್, ಅವ್ರು ತುಂಬಾ ಒಳ್ಳೇರು. ಆದ್ರೆ ಇಷ್ಟೊಂದು ಆಸ್ತಿ ಇರೋರು ನಮಗೆ ಬ್ಯಾಡ ಸಾರ್.’

ಮೇಲಿದ್ದ ಕಾಲು ತಾನೇ ಕೆಳಗಿಳಿಯಿತು.

ವಿಷಯ ಇಷ್ಟು. ಮಂಜುಳಾ ಅವರ ತಾಯಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದಷ್ಟೂ ನಡೆಯುತ್ತಿರುವುದು ಅವರ ಬಿಪಿಎಲ್ ಕಾರ್ಡಿನ ಮೇಲೆ. ಮದುವೆಯಾದರೆ ತಾಯಿಯೂ ಮಗಳ ಜೊತೆಗೇ ಬರಬೇಕು, ಅವರಿಗೆ ಬೇರೆ ಯಾರೂ ಇಲ್ಲ. ಒಂದು ಮನೆ ಅಂದ ಮೇಲೆ ಒಂದೇ ಕಾರ್ಡು. ಒಂಬತ್ತು ಎಕರೆಯ, ಕಾರಿನ ಗಂಡ ಆ ಕಾರ್ಡಿಗೆ ಸೇರಿದ ದಿನ ಕಾರ್ಡೇ ರದ್ದಾಗುತ್ತದೆ.

‘ಮದ್ವೆ ಆದ್ರೆ ವಿಧವಾ ಪಿಂಚಣಿ ನಿಂತೋಗುತ್ತೆ. ಅದು ಗೊತ್ತಿದ್ದೇ ಒಪ್ಕೊಂಡಿದ್ದು, ಹೋಗ್ಲಿ ಬುಡಿ. ಆದ್ರೆ ಕಾರ್ಡ್ ಹೋದ್ರೆ ಅಮ್ಮ ಉಳಿಯಲ್ಲ ಸಾರ್’ ಎಂದು ಆಕೆ ಫೋನ್ ಇಟ್ಟರು.

ನನಗೆ ನಿಜವಾಗಿ ನಾಚಿಕೆಯಾಯಿತು. ಆಸ್ತಿಯನ್ನು ಬೀಗರ ಮುಂದೆ ಉಬ್ಬಿಸುವುದು, ತಾಲ್ಲೂಕು ಕಚೇರಿಯಲ್ಲಿ ಕುಗ್ಗಿಸುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಅದೇ ತೋಟ, ಹೆಣ್ಣು ಕೇಳುವಾಗ ಕಣ್ಣು ಹಾಯಿಸಿದಷ್ಟೂ ದೂರ; ರೇಷನ್ ಕಾರ್ಡಿಗೆ ಅರ್ಜಿ ಹಾಕುವಾಗ ಹಿತ್ತಲಿನ ನಾಲ್ಕು ಮರ. ಈ ಎರಡು ಲೆಕ್ಕವನ್ನೂ ಒಬ್ಬಳೇ ಹೆಣ್ಣುಮಗಳು ಒಟ್ಟಿಗೆ ಇಟ್ಟು ನೋಡುತ್ತಾಳೆಂದು ನಾನು ಯೋಚಿಸಿಯೇ ಇರಲಿಲ್ಲ.

ಅದಕ್ಕೇ ಭಾನುವಾರದ ಪ್ರಯಾಣ. ನಾನು, ಗಿರಿಜ, ಶಿವಣ್ಣ. ಕಾರನ್ನು ಬಸ್‌ಸ್ಟ್ಯಾಂಡ್ ಹತ್ತಿರವೇ ಬಿಟ್ಟು, ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಡೆದುಹೋದೆವು. ಇಸ್ತ್ರಿ ಇಲ್ಲದ ಶರ್ಟು ಹಾಕಿಕೋ ಎಂದು ಶಿವಣ್ಣನಿಗೆ ಹೇಳಿದ್ದೆ. ಆ ವಿಷಯದಲ್ಲಿ ಅವನು ನನ್ನ ಮಾತು ಕೇಳಲಿಲ್ಲ.

ಸಣ್ಣ ಮನೆ. ಕಿಟಕಿಯ ಬಳಿ ಹೊಲಿಗೆ ಮಷಿನ್, ಗೋಡೆ ಬದಿಯ ಮಂಚದಲ್ಲಿ ತಾಯಿ. ಮೊಳಕೈಗೆ ಬಟ್ಟೆ ಸುತ್ತಿತ್ತು. ಕಾಫಿ ಬಂತು. ನಾನು ಗಂಟಲು ಸರಿಮಾಡಿಕೊಂಡು ತಪ್ಪೊಪ್ಪಿಗೆ ಶುರು ಮಾಡಿದೆ. ಕಾರು ನನ್ನದು. ತೋಟದಲ್ಲಿ ಆರು ಪಾಲು, ಇವನಿಗೆ ಬರುವುದು ಒಂದೂವರೆ ಎಕರೆ. ಮನೆಗೆ ಹಳೇ ಹೆಂಚು.

‘ಒಂದು ಹಸಾನೂ ಐತೆ’ ಎಂದ ಶಿವಣ್ಣ, ತನ್ನ ಮಾನ ಉಳಿಸಿಕೊಳ್ಳಲು.

‘ಅದಕ್ಕೂ ವಯಸ್ಸಾಗಿದೆ’ ಎಂದೆ ನಾನು.

ಮಂಜುಳಾ ನಗಲಿಲ್ಲ. ನಾನು ಸಾಕ್ಷಿಗೆಂದು ಒಯ್ದಿದ್ದ ಪಹಣಿಯನ್ನು ಬೆಳಕಿಗೆ ಹಿಡಿದು ಓದಿದರು.

‘ಇದ್ರಲ್ಲಿ ಒಂಬತ್ತು ಎಕರೆ ಅಂತಾನೇ ಇದೆಯಲ್ಲ ಸಾರ್. ಆಫೀಸಲ್ಲಿ ಕಂಪ್ಯೂಟರ್ ಮುಂದೆ ಕೂತಿರೋರು ಇದನ್ನ ನೋಡ್ತಾರೆ. ನಿಮ್ಮ ಬಾಯಿಮಾತು ಕೇಳ್ತಾರಾ?’

‘ನನ್ನಿಂದ ನಿನ್ನ ಮದ್ವೆ ನಿಲ್ಲಾದು ಬ್ಯಾಡ ಕಣೇ’ ಎಂದರು ತಾಯಿ. ‘ನಾನಿನ್ನೆಷ್ಟು ದಿನ?’

‘ಸುಮ್ಕಿರಮ್ಮ ನೀನು.’

ಆಗ ನನ್ನ ತಲೆಗೆ ಒಂದು ಐಡಿಯಾ ಹೊಳೆಯಿತು. (ನನ್ನ ತಲೆಗೆ ಐಡಿಯಾ ಹೊಳೆದಾಗಲೆಲ್ಲ ಗಿರಿಜ ಸೆರಗು ಸರಿಮಾಡಿಕೊಂಡು ಎದ್ದು ಹೊರಡಲು ರೆಡಿಯಾಗುತ್ತಾಳೆ.)

‘ಒಂದು ಕೆಲಸ ಮಾಡಿ. ಮದುವೆ, ರಿಜಿಸ್ಟ್ರೇಷನ್ ಯಾವುದೂ ಬೇಡ. ಕಾಗದದಲ್ಲಿ ನೀವಿಬ್ಬರೂ ಬೇರೆ ಬೇರೆ ಇರಿ. ಮನೇಲಿ ಒಟ್ಟಿಗೆ ಇದ್ಬಿಡಿ. ಯಾರಿಗೆ ಗೊತ್ತಾಗುತ್ತೆ?’

ಮಲಗಿದ್ದ ತಾಯಿ ಎದ್ದು ಕೂತರು. ಶಿವಣ್ಣ ಕೆಂಪಗಾದ.

‘ಹೋದ್ವರ್ಷ ನೀವೇ ಬರ್ದಿದ್ರಲ್ಲ ಸಾರ್, ಮದ್ವೆ ಆಗ್ದೆ ಒಟ್ಟಿಗೆ ಇರೋರಿಂದ ಸಮಾಜ ಕೆಡ್ತಿದೆ ಅಂತ? ಓದಿದ್ದೆ. ಓದಿ ಆದ್ಮೇಲೇ ಆ ಪೇಪರ್ನ ಬ್ಲೌಸ್ ಅಳತೆಗೆ ಕಟ್ ಮಾಡಿದ್ದು’ ಎಂದರು ಮಂಜುಳಾ.

ನನ್ನ ಬರಹ ಯಾರದೋ ತೋಳಿನ ಅಳತೆಗಾದರೂ ಸರಿಹೊಂದಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಆಕೆಯ ದನಿ ಬದಲಾಯಿತು.

‘ಕದ್ದು ಇರೋ ಸಂಸಾರ ನಂಗೆ ಬ್ಯಾಡ ಸಾರ್. ತಾಳಿ ಕಟ್ಟಿಸ್ಕೊಂಡೇ ಹೋಗ್ಬೇಕು. ಅಮ್ಮಾನೂ ಇರ್ಬೇಕು. ಎರಡೂ ಬೇಕು ಅನ್ನೋದು ತಪ್ಪಾ?’

ಕಾರ್ಡು ಬಡವರಿಗೆ ಸಿಗಬೇಕು, ಉಳ್ಳವರಿಗೆ ಹೋಗಬಾರದು ಎಂದು ನಾನೇ ಎಷ್ಟು ಸಲ ಬರೆದಿಲ್ಲ! ಈಗಲೂ ಅದೇ ನಂಬಿಕೆ. ಆದರೆ ಗಂಡನ ಹೆಸರಿನ ಮುಂದೆ ಯಾರ್ಯಾರದೋ ಎಕರೆಗಳು ಕೂತಿವೆ ಅಂತ ಒಂದು ಹೆಣ್ಣು ತಾಯಿಯನ್ನೋ ಮದುವೆಯನ್ನೋ ಆರಿಸಿಕೊಳ್ಳಬೇಕೆಂದರೆ? ಅವರ ಮುಖ ನೋಡಲಾಗದೆ ಹೊಲಿಗೆ ಮಷಿನ್ ನೋಡುತ್ತ ಕೂತೆ. ಮನಸ್ಸಿಗೆ ಬಹಳ ಹಿಂಸೆಯಾಯಿತು.

ಮಂಜುಳಾ ನನ್ನನ್ನು ಬಿಟ್ಟು ನೇರವಾಗಿ ಶಿವಣ್ಣನ ಕಡೆ ತಿರುಗಿದರು. ಮೊದಲೇ ಹಾಗೆ ಮಾಡಿದ್ದರೆ ಎಲ್ಲರ ಸಮಯವೂ ಉಳಿಯುತ್ತಿತ್ತು.

‘ಪಾಲಾಗಿ ನಿಮ್ಮ ಹೆಸರಿಗೆ ಒಂದೂವರೆ ಎಕರೆ ಅಂತ ಬೇರೆ ಪಹಣಿ ಬಂದ್ರೆ ಕಾರ್ಡಿಗೆ ಏನೂ ಆಗಲ್ಲ. ಎಷ್ಟು ಎಕರೆವರ್ಗೂ ನಡೆಯುತ್ತೆ ಅಂತ ಆಗ್ಲೇ ವಿಚಾರಿಸಿದೀನಿ. ಮತ್ತೆ ಯಾಕೆ ಪಾಲು ಮಾಡ್ಕೊಂಡಿಲ್ಲ?’

‘ಎರಡು ವರ್ಷದ ಹಿಂದೆನೇ ವಿಭಾಗ ಪತ್ರ ಬರ್ಸಿದೀವಿ’ ಎಂದ ಶಿವಣ್ಣ ಮೆಲ್ಲಗೆ. ‘ನಾನೂ ಸೇರಿ ಐದು ಜನ ಒಪ್ಪವ್ರೆ. ಒಂದು ಸೈನ್ ಬಾಕಿ.’

‘ಯಾರ್ದು?’

ಶಿವಣ್ಣ ಕಾಫಿ ಲೋಟದ ತಳ ಪರೀಕ್ಷೆ ಮಾಡತೊಡಗಿದ. ಮಂಜುಳಾ ಪಹಣಿಯ ಹೆಸರುಗಳ ಮೇಲೆ ಒಂದೊಂದಾಗಿ ಬೆರಳಿಡುತ್ತ ಬಂದರು. ಕೊನೆಯ ಹೆಸರಿನ ಮೇಲೆ ಬೆರಳು ನಿಂತಿತು.

‘ಗಿರಿಜಮ್ಮ ಅಂದ್ರೆ ನೀವೇನಾ ಅಕ್ಕ?’

ಗಿರಿಜ ಉತ್ತರ ಕೊಡುವ ಮೊದಲೇ ನಾನು ಬಾಯಿ ಹಾಕಿದೆ. ಅಂಕಣಕಾರನಲ್ಲವೇ, ಎಲ್ಲಕ್ಕೂ ಒಂದು ವಿವರಣೆ ನಾಲಿಗೆ ತುದಿಯಲ್ಲೇ ಇರುತ್ತದೆ. ‘ನೋಡಮ್ಮ, ಹೆಣ್ಣುಮಕ್ಕಳಿಗೆ ತವರಿನ ಮಣ್ಣಿನ ಮೇಲೆ ಮಮಕಾರ ಜಾಸ್ತಿ. ಸೈನ್ ಹಾಕು ಅಂದ್ರೆ ಕೈ ಬರಬೇಕಲ್ಲ...’

ಗಿರಿಜ ಲೋಟ ಕೆಳಗಿಟ್ಟಳು.

‘ಅವತ್ತು ನಾನು ಪೆನ್ ಹಿಡ್ಕೊಂಡೇ ಕೂತಿದ್ದೆ. ಲ್ಯಾಂಡ್ ರೇಟ್ ಏರ್ಲಿ ತಡಿ ಅಂತ ಅದನ್ನ ಕಿತ್ಕೊಂಡಿದ್ದು ಯಾರು, ನೀವೇ ಹೇಳ್ತೀರೋ, ನಾನ್ ಹೇಳ್ಲೋ?’