ದಯಾಮಣಿ ಸಿಸ್ಟರ್ ಬರೆದ ಎರಡನೆಯ ಕಾರ್ಡು

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮೂವತ್ತನಾಲ್ಕು ವರ್ಷ ಆರೋಗ್ಯ ಸಹಾಯಕಿಯಾಗಿ ದುಡಿದು, ಎರಡು ತಲೆಮಾರಿನ ಕೂಸುಗಳಿಗೆ ಸೂಜಿ ಚುಚ್ಚಿ ಅವುಗಳ ತಾಯಂದಿರಿಂದ ಬೈಸಿಕೊಂಡು, ಅದೇ ತಾಯಂದಿರಿಂದ ಹಬ್ಬದ ದಿನ ಹೋಳಿಗೆ ಕಟ್ಟಿಸಿಕೊಂಡು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀಮತಿ ದಯಾಮಣಿ ಶಾಂತಪ್ಪ ಅವರನ್ನು, ಕ್ಷಯರೋಗ ನಿಯಂತ್ರಣದ ಕೆಲಸ ಮಾಡುವವರಲ್ಲಿ ಅರಿಯದವರು ಈ ಸೀಮೆಯಲ್ಲಿ ವಿರಳ. ಇಲಾಖೆಯವರು ಕೊಟ್ಟ ಪ್ರಶಸ್ತಿಪತ್ರದಲ್ಲಿ ಅವರನ್ನು ಧೈರ್ಯಶಾಲಿ ಎಂದು ಕೊಂಡಾಡಲಾಗಿದೆ. ಹೊಗಳುವ ಭರದಲ್ಲಿ ಯಾರೋ ಬರೆದ ಮಾತದು. ಲಿಂಗಸುಗೂರು ಆಸ್ಪತ್ರೆಯ ಕಫ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೂತು ಕಿಟಕಿಯಾಚೆಯಿಂದ ಅವರನ್ನು ದಿನವೂ ಕಂಡ ನಮಗೆ ಗೊತ್ತು, ಸಿಸ್ಟರ್ ಮಹಾ ಅಂಜುಬುರುಕಿ. ಗುಳಿಗೆಯ ಹೆಸರನ್ನು ಮೂರು ಸಲ ಓದುತ್ತಾರೆ. ನಾವು ಕೊಟ್ಟ ವರದಿಯನ್ನು ಹಿಂದಕ್ಕೆ ತಂದು, ಇದು ಇವರದ್ದೇ ಹೌದಾ ಎಂದು ಕೇಳಿ ನಮ್ಮ ತಲೆ ತಿನ್ನುತ್ತಾರೆ.

ಹುಟ್ಟಿನಿಂದ ಅವರು ಹಾಗಿರಲಿಲ್ಲ. ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದ ತಂದೆ ಶಾಂತಪ್ಪನವರು ಮಗಳಿಗೆ ಎರಡು ಕೊಟ್ಟರು: ಮುತ್ತು ಪೋಣಿಸಿದಂಥ ಕೈಬರಹ, ಮತ್ತು ಊಟಕ್ಕೆ ಮುಂಚೆ ದೇವರಲ್ಲಿ ಜ್ಞಾನ ಬೇಡುವ ಅಭ್ಯಾಸ. ದಿನಾ ಅದನ್ನೇ ಬೇಡುತ್ತೀಯಲ್ಲ, ದೇವರು ಕೊಡುವುದೇ ಇಲ್ಲವೇನು ಎಂದು ಹುಡುಗಿ ಒಮ್ಮೆ ಕೇಳಿದ್ದಕ್ಕೆ, ನಿನ್ನೆ ಕೊಟ್ಟದ್ದು ನಿನ್ನೆಗೇ ಮುಗಿಯಿತು ಎಂದು ಅವರು ನಕ್ಕರಂತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ದಯಾಮಣಿಯವರು ಬೇಡುವುದನ್ನು ಬಿಟ್ಟಿರಲಿಲ್ಲ. ಆದರೆ ತಮಗೆ ಬೇಕಾದಷ್ಟು ಸಿಕ್ಕಿದೆ ಎಂದು ಒಳಗೊಳಗೇ ನಂಬಿದ್ದರು. ಇದನ್ನು ಅವರೇ ಹೇಳಿಕೊಳ್ಳುತ್ತಾರೆ, ನಾವು ಸೇರಿಸಿದ್ದಲ್ಲ.

ಹಾಗೆ ನಂಬಲು ಕಾರಣವೂ ಇತ್ತು. ಮಸ್ಕಿಯ ಹಸೀನಾಬೀಗೆ ತುಂಬಿದ ಬಸಿರಿನಲ್ಲಿ ಕೈಕಾಲು ಬಾತು ಕಣ್ಣು ಮಂಜಾದಾಗ, ವಾಹನಕ್ಕಾಗಿ ಕಾಯದೆ, ರಸ್ತೆಯಲ್ಲಿ ಹೋಗುತ್ತಿದ್ದ ನೆಲ್ಲಿನ ಲಾರಿಗೆ ಅಡ್ಡ ನಿಂತು, ಚಾಲಕನ ಪಕ್ಕದಲ್ಲಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಯಚೂರು ಮುಟ್ಟಿಸಿದವರು ಇವರು. ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಅಜ್ಜಿಯರಿಗಾಗಿ ಬಾಯಿ ತೆರೆಯಿರಿ, ಉಸಿರೆಳೆಯಿರಿ ಎಂಬಷ್ಟು ಬಂಗಾಳಿ ಕಲಿತವರು. ಊರವರಿಗೆ ಸಿಸ್ಟರ್ ಹೇಳಿದ್ದೇ ಕೊನೆಯ ಮಾತು. ತಮ್ಮ ಮಾತು ಅಷ್ಟು ತೂಗುವುದು ಒಳ್ಳೆಯದೆಂದೇ ಆಗ ಅವರಿಗೆ ಅನಿಸುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಅವರು ದಢೇಸುಗೂರು ಕಡೆಯ ಕಾಲುವೆ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದಾಗ, ಭಾನುವಾರ ಅಲ್ಲಿಯ ಒಂದು ಸಣ್ಣ ಸಭೆಯಲ್ಲಿ ಆರಾಧನೆಗೆ ಕೂಡುತ್ತಿದ್ದರು. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ, ಒಂದು ತಟ್ಟೆಯಲ್ಲಿ ಬೋರಲು ಹಾಕಿದ ವಾಗ್ದಾನದ ಕಾರ್ಡುಗಳಲ್ಲಿ ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಳ್ಳುವುದು ಆ ಸಭೆಯ ವಾಡಿಕೆ. ಎತ್ತಿದ ಕಾರ್ಡಿನಲ್ಲಿರುವ ವಾಕ್ಯವೇ ಆ ವರ್ಷ ದೇವರು ಅವರಿಗೆ ಕೊಟ್ಟ ಮಾತು. ಪೇಟೆಯಿಂದ ಅಚ್ಚಾದ ಕಾರ್ಡು ತರುವ ಬದಲು ಸಿಸ್ಟರ್ ಕೈಯಿಂದಲೇ ಬರೆಸುತ್ತಿದ್ದರು. ಡಿಸೆಂಬರ್ ಬಂತೆಂದರೆ ಕ್ಯಾಲೆಂಡರಿನ ದಪ್ಪ ಹಾಳೆ ಕತ್ತರಿಸಿ, ಅಂಚಿಗೆ ಹೂಬಳ್ಳಿ ಎಳೆದು, ನೂರಿಪ್ಪತ್ತು ಕಾರ್ಡು ಬರೆಯುವರು. ಕಾರ್ಡು ಸಣ್ಣದು. ವಾಕ್ಯ ಉದ್ದವಾದರೆ ಅದರ ಸಿಹಿ ಭಾಗವನ್ನಷ್ಟೇ ಇಳಿಸಿ, ಎಚ್ಚರಿಕೆಯ ಭಾಗವನ್ನು ಬಿಟ್ಟುಬಿಡುತ್ತಿದ್ದರು.

ಆ ಸಭೆಯಲ್ಲಿ ಬಾಲಪ್ಪ ಎಂಬವನಿದ್ದ. ನೆಲ್ಲಿನ ಚೀಲ ಹೊರುವ ಹಮಾಲ, ಓದು ಬಾರದವನು. ಹೆಂಡತಿ ಭಾಗ್ಯ, ನಾಲ್ಕು ವರ್ಷದ ಮಗಳು ನಾಗವೇಣಿ. ಎರಡು ತಿಂಗಳಿಂದ ಕ್ಷಯಕ್ಕೆ ಗುಳಿಗೆ ನುಂಗುತ್ತಿದ್ದ ಅವನು ಆ ವರ್ಷ ಎತ್ತಿದ ಕಾರ್ಡನ್ನು ಸಿಸ್ಟರೇ ಓದಿ ಹೇಳಿದರು: ಗುಣಪಡಿಸುವವನು ದೇವರೇ ಎಂಬ ಅರ್ಥದ ವಾಕ್ಯ. ಬಾಲಪ್ಪನ ಕಣ್ಣಲ್ಲಿ ನೀರು ಬಂತು. ಸಿಸ್ಟರ್ ಕಣ್ಣಲ್ಲೂ ಬಂತು.

ಗುಳಿಗೆಯನ್ನು ಕಣ್ಣೆದುರೇ ನುಂಗಿಸಬೇಕೆಂಬುದು ನಿಯಮ. ಆದರೆ ಕೊಯ್ಲು ಮುಗಿದು ಚೀಲದ ಕೆಲಸ ಜೋರಾದ ಮೇಲೆ ಬಾಲಪ್ಪ ಬೆಳಗಾಗುವ ಮೊದಲೇ ಟ್ರ್ಯಾಕ್ಟರ್ ಹತ್ತುತ್ತಿದ್ದ. ನಮ್ಮ ಸಭೆಯವನು, ಸುಳ್ಳಾಡುವವನಲ್ಲ ಎಂದು ಸಿಸ್ಟರ್ ತಿಂಗಳಿಗೊಮ್ಮೆ ಇಡೀ ತಿಂಗಳ ಗುಳಿಗೆಯನ್ನು ಒಟ್ಟಿಗೇ ಅವನ ಕೈಗಿಡತೊಡಗಿದರು. ಬೇರೆ ಯಾರಿಗೂ ಅವರು ಹಾಗೆ ಕೊಟ್ಟವರಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಭಾಗ್ಯ ಓಡಿ ಬಂದು ಕರೆದಳು. ಸಿಸ್ಟರ್ ಹೋಗಿ ನೋಡುತ್ತಾರೆ, ಬಾಲಪ್ಪನ ಎದೆಯ ಎಲುಬು ಎಣಿಸಬಹುದು. ಉಗುಳಿದ ಬಟ್ಟೆಯಲ್ಲಿ ರಕ್ತ. ಗೋಡೆಗೆ ಅನ್ನದ ಅಂಟಿನಿಂದ ಹಚ್ಚಿದ ಕಾರ್ಡು, ಅದರ ಕೆಳಗಿನ ಟ್ರಂಕಿನಲ್ಲಿ ಮೂರು ತಿಂಗಳ ಗುಳಿಗೆ, ಒಂದನ್ನೂ ಒಡೆದಿರಲಿಲ್ಲ. ಗೋಡೆಯ ಮೇಲಿನ ಅಕ್ಷರ ತಮ್ಮವೇ. ಅಷ್ಟು ಚೆಂದವಾದ ಅಕ್ಷರ ಅಂದಿನಷ್ಟು ಭಯಾನಕವಾಗಿ ಕಂಡದ್ದು ಮತ್ತೆಂದೂ ಇಲ್ಲ ಎನ್ನುತ್ತಾರೆ ಸಿಸ್ಟರ್. ಅಲ್ಲೇ ಹೊಸ್ತಿಲ ಮೇಲೆ ಕೂತರು. ಯಾಕೋ ಹೀಗೆ ಮಾಡಿದಿ ಎಂದು ಕೇಳಿದಾಗ ಬಾಲಪ್ಪ ಕೋಪಿಸಿಕೊಳ್ಳಲಿಲ್ಲ, ಸಿಸ್ಟರಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡಿದ.

"ದೇವ್ರು ಮಾತು ಕೊಟ್ಟ ಮ್ಯಾಲ ಗುಳಿಗಿ ನುಂಗಿದ್ರ, ನಿನ್ನ ಮಾತಿನ ಮ್ಯಾಲ ನಂಬಿಗಿಲ್ಲ ಅಂದಂಗ ಆಗಂಗಿಲ್ಲೇನ್ರಿ?"

ಸಿಸ್ಟರ್ ಬೇಡಿಕೊಂಡರು, ಗದರಿದರು. ವೈದ್ಯರನ್ನೂ ಪಾಸ್ಟರನ್ನೂ ಕರೆಸಿದರು. ಬಾಲಪ್ಪ ಎಲ್ಲರಿಗೂ ಕೈಮುಗಿದು, ದೇವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದುಬಿಟ್ಟ. ಅದೇ ವಾರ ನಾಗವೇಣಿ ಕೆಮ್ಮತೊಡಗಿದಳು. ಮಗಳನ್ನೂ ಆಸ್ಪತ್ರೆಗೆ ಕಳಿಸಲು ಅವನು ಒಪ್ಪಲಿಲ್ಲ. ಆ ಕೂಸಿನ ಕೆಮ್ಮು ಕಿವಿಗೆ ಬಿದ್ದಾಗಿನಿಂದ ಸಿಸ್ಟರಿಗೆ ಅನ್ನ ಇಳಿಯದಾಯಿತು. ಇಬ್ಬರ ಸಾವು ತಮ್ಮ ಕೈಬರಹದಿಂದ ಆಗುತ್ತಿದೆ ಎಂದು ಅಂಜಿದರು.

ಆಗ ಭಾಗ್ಯ ದಾರಿಯೊಂದನ್ನು ತೋರಿಸಿದಳು. ಸಂತೆಯಲ್ಲಿ ಸಿಸ್ಟರನ್ನು ಬದಿಗೆ ಕರೆದು, ಸೆರಗು ಬಾಯಿಗಿಟ್ಟುಕೊಂಡು ಮೆಲ್ಲಗೆ ಹೇಳಿದಳು.

"ಇನ್ನೊಂದು ಕಾರ್ಡು ಬರೀರಿ ಅಕ್ಕಾರ. ಗುಳಿಗಿ ನುಂಗು ಅಂತ ದೇವ್ರು ಹೇಳ್ಯಾನಂತ ಬರೀರಿ. ಅವ್ರಿಗೆ ಓದಾಕ ಬರಂಗಿಲ್ಲ. ನಿಮ್ಮ ಬಾಯಿಲೆ ಕೇಳಿದ್ರ ನಂಬ್ತಾರ."

ನಂಬುತ್ತಿದ್ದ, ಅದರಲ್ಲಿ ಸಂಶಯವೇ ಇರಲಿಲ್ಲ. ಸಿಸ್ಟರ್ ಮನೆಗೆ ಹೋದವರೇ ಅದೇ ದಪ್ಪ ಹಾಳೆ ಕತ್ತರಿಸಿ, ಅದೇ ಹೂಬಳ್ಳಿ ಎಳೆದು, ಮಗನೇ ಬಾಲಪ್ಪ, ಔಷಧವನ್ನು ಬಿಡಬೇಡ ಎಂದು ದೇವರೇ ಹೇಳುವ ಹಾಗೆ ಬರೆದರು. ಬರೆದು ಮುಗಿದ ಮೇಲೆ ಯೋಚನೆ ಹತ್ತಿತು. ಇದನ್ನು ಕೊಟ್ಟರೆ ಇಬ್ಬರು ಬದುಕುತ್ತಾರೆ. ಆದರೆ ದೇವರ ಬಾಯಲ್ಲಿ ತಮ್ಮ ಮಾತು ತುರುಕಿದಂತೆ. ನಾಳೆ ಇನ್ಯಾರೋ ಇನ್ನೇನನ್ನೋ ಹೀಗೆಯೇ ಬರೆದು ಅವನ ಕೈಗಿಟ್ಟರೆ ಅದನ್ನೂ ಅವನು ನಂಬುವನು. ಕೊಡದಿದ್ದರೆ ತಮ್ಮ ಮಡಿವಂತಿಕೆಗೆ ಎರಡು ಜೀವ ಹೋಗಬಹುದು. ಮೂರು ದಿನ ಜ್ಞಾನ ಬೇಡಿದರು. ಹಿಂದೆ ಬೇಡಿದಂತಲ್ಲ, ಏನೂ ಇಲ್ಲದವರು ಬೇಡುವ ಹಾಗೆ ಬೇಡಿದರು. ಉತ್ತರವೆಂಬುದು ಯಾವುದೂ ಬರಲಿಲ್ಲ, ಅಂಜಿಕೆಯೊಂದು ಮಾತ್ರ ದಿನದಿನಕ್ಕೆ ಬಲಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಚೀಲದಲ್ಲಿ ಗುಳಿಗೆಯನ್ನೂ ಕಾರ್ಡನ್ನೂ ಇಟ್ಟುಕೊಂಡು ಟಂಟಂ ಆಟೋ ಹತ್ತಿದರು. ಕಾಲುವೆ ದಾಟುವಾಗ ಕೊಡುವುದೆಂದು ನಿಶ್ಚಯಿಸಿದ್ದರು. ಓಣಿಗೆ ತಿರುಗುವಾಗ ಬೇಡವೆಂದು. ಬಾಗಿಲಲ್ಲಿ ನಿಂತಾಗ ಎರಡು ನಿಶ್ಚಯವೂ ಉಳಿದಿರಲಿಲ್ಲ. ಬಾಲಪ್ಪ ಕೌದಿಯ ಮೇಲಿಂದ ತಲೆ ಎತ್ತಿ, ದೇವರ ಮಾತು ಏನಾದರೂ ತಂದಿರೇನು ಎಂದು ಆಸೆಯಿಂದ ಕೇಳಿದ. ಭಾಗ್ಯ ಒಲೆಯ ಬಳಿಯಿಂದ ಸಿಸ್ಟರ್ ಮುಖವನ್ನೇ ನೋಡುತ್ತಿದ್ದಳು. ಸಿಸ್ಟರ್ ಕೈ ಚೀಲದೊಳಗೆ ಹೋಗಿ, ಕಾರ್ಡಿನ ಅಂಚು ಮುಟ್ಟಿ, ಗುಳಿಗೆಯನ್ನಷ್ಟೇ ಹಿಡಿದುಕೊಂಡು ಹೊರಗೆ ಬಂತು.

"ಇಲ್ಲಪಾ. ದೇವ್ರು ನನಗೇನೂ ಹೇಳಿಲ್ಲ. ಆ ಕಾರ್ಡು ನಾ ಬರದದ್ದು, ಅರ್ಧ ವಾಕ್ಯ ಬಿಟ್ಟು ಬರದದ್ದು. ಗುಳಿಗಿ ಬಿಡು ಅಂತ ಅದರಾಗ ಎಲ್ಲೂ ಇಲ್ಲ. ನೀ ಸಾಯ್ತಿ ಅಂತ ನನಗ ಅಂಜಿಕಿ ಆಗ್ಯಾದ. ಕೂಸಿಗೂ ಹತ್ತೇತಿ ಅಂತ ಅಂಜಿಕಿ ಆಗ್ಯಾದ. ನನಗ ಗೊತ್ತಿರೋದು ಇಷ್ಟ."

ಬಾಲಪ್ಪ ಗೋಡೆಯ ಕಾರ್ಡನ್ನು ನೋಡಿದ. "ಹಂಗಾರ ಅದು ನನ್ನ ಹೆಸರಿಗೆ ಬಂದಿದ್ದಿಲ್ಲೇನ್ರಿ?" ಎಂದ. ಅದು ನನಗೆ ಗೊತ್ತಿಲ್ಲ ಎಂದಷ್ಟೇ ಸಿಸ್ಟರ್ ಹೇಳಿದರು. ಅವನು ಗೋಡೆಯ ಕಡೆಗೆ ಹೊರಳಿ ಮಲಗಿದ. ಭಾಗ್ಯ ಅವರನ್ನು ಕಳಿಸಲು ಬಾಗಿಲಿಗೂ ಬರಲಿಲ್ಲ. ಹಿಂದಿರುಗುವಾಗ ಸಿಸ್ಟರ್ ನಡೆದೇ ಬಂದರು. ಒಬ್ಬನ ಪ್ರಾಣವನ್ನು ಅಲ್ಲೇ ಬಿಟ್ಟು ಬಂದೆ, ಅವನ ನಂಬಿಕೆಯನ್ನೂ ಮುರಿದು ಬಂದೆ ಎಂದು ದಾರಿಯುದ್ದಕ್ಕೂ ಅತ್ತರು. ಮುಂದಿನ ಎರಡು ದಿನ, ಯಾರು ಬಾಗಿಲಿಗೆ ಬಂದರೂ ಸಾವಿನ ಸುದ್ದಿಯೆಂದೇ ಅವರು ಎದ್ದು ನಿಲ್ಲುತ್ತಿದ್ದರು.

ಮೂರನೆಯ ದಿನ ಬಂದವನು ಬಾಲಪ್ಪನೇ. ಚೀಲ ಹೊರುವ ಹೆಗಲ ಮೇಲೆ ಮಗಳನ್ನು ಹೊತ್ತಿದ್ದ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಬಂದು ಉಪಕೇಂದ್ರದ ಬೆಂಚಿನ ಮೇಲೆ ಕುಸಿದ.

"ಎಲ್ಲಾರೂ ಹೆದರಬ್ಯಾಡ, ಹೆದರಬ್ಯಾಡ ಅಂತಿದ್ರು ಸಿಸ್ಟರ್. ನೀವೊಬ್ರ ಅಂಜಿಕಿ ಆಗ್ಯಾದ ಅಂದ್ರಿ. ಆಮ್ಯಾಲ ನನಗೂ ಆತು. ಮೊದ್ಲು ಹುಡುಗಿದು ನೋಡ್ರಿ."

ಹುಡುಗಿಗೆ ಆರು ತಿಂಗಳ ಔಷಧ ಸಾಕಾಯಿತು. ಮಧ್ಯದಲ್ಲಿ ಬಿಟ್ಟ ಗುಳಿಗೆ ಬಾಲಪ್ಪನ ರೋಗವನ್ನು ಮೊಂಡು ಮಾಡಿತ್ತು. ಅವನಿಗೆ ಎರಡು ವರ್ಷ ಹಿಡಿಯಿತು, ಚುಚ್ಚುಮದ್ದಿನಿಂದ ಎಡಗಿವಿ ಹೋಯಿತು. ಅಷ್ಟೂ ದಿನ ಸಿಸ್ಟರ್ ಗುಳಿಗೆಯನ್ನು ಕಣ್ಣೆದುರೇ ನುಂಗಿಸಿದರು. ಮುಂದಿನ ಹೊಸ ವರ್ಷದ ಬೆಳಿಗ್ಗೆ, ಕಾರ್ಡಿನ ತಟ್ಟೆ ತಿರುಗುವ ಮೊದಲು, ಸಭೆಯ ಮುಂದೆ ಎದ್ದು ನಿಂತು, ನಡೆದದ್ದನ್ನೆಲ್ಲ ಹೇಳಿಕೊಂಡರು. ವಾಕ್ಯವನ್ನು ಪೂರ್ತಿ ಓದಿ, ನಾಲ್ಕು ಜನರನ್ನು ಕೇಳಿ, ಆಮೇಲೆ ನಡೆಯಿರಿ ಎಂದರು. ಕೆಲವು ಹಿರಿಯರು ಸಿಟ್ಟಾದರು. ಎರಡು ಮನೆಯವರು ವರ್ಷಗಟ್ಟಲೆ ಮಾತು ಬಿಟ್ಟರು. ಆ ಎರಡನೆಯ ಕಾರ್ಡನ್ನು ಸಿಸ್ಟರ್ ಹರಿಯಲಿಲ್ಲ. ಮತ್ತೆ ಮಸ್ಕಿಗೆ, ಆಮೇಲೆ ಲಿಂಗಸುಗೂರಿಗೆ ವರ್ಗವಾದ ಮೇಲೂ ಹೊಸದಾಗಿ ಸೇರಿದ ಹುಡುಗಿಯರಿಗೆ ಅದನ್ನು ತೋರಿಸಿ, ಇದರಲ್ಲಿರುವ ಬುದ್ಧಿಮಾತೆಲ್ಲ ಸರಿ, ಹೇಳಿದವರ ಹೆಸರು ಮಾತ್ರ ಸುಳ್ಳು ಎನ್ನುತ್ತಾರೆ.

ಈ ಲೇಖನ ಬರೆಯುತ್ತಿರುವಾಗಲೇ, ಹೋದ ಮಂಗಳವಾರ, ಬಾಲಪ್ಪ ಸಿಸ್ಟರನ್ನೇ ಹುಡುಕಿಕೊಂಡು ನಮ್ಮ ಪ್ರಯೋಗಾಲಯದ ಮುಂದೆ ಬಂದು ನಿಂತ. ಈಗ ಹದಿನಾರರ ನಾಗವೇಣಿಗೆ ಹದಿನೈದು ದಿನದಿಂದ ಕೆಮ್ಮು. ಕಫದ ಡಬ್ಬಿ ಒಳಗೆ ಬಂತು, ಸಿಸ್ಟರ್ ಹೊರಗೆ ಬೆಂಚಿನ ಮೇಲೆ ಅವನ ಬಲಗಡೆ, ಕೇಳುವ ಕಿವಿಯ ಬದಿಗೆ ಕೂತರು. ಏನೂ ಆಗುವುದಿಲ್ಲ ಎಂದು ಅವರು ಹೇಳಲಿಲ್ಲ. ಅವನೂ ಕೇಳಲಿಲ್ಲ. ಎರಡು ತಾಸು ಇಬ್ಬರೂ ಹಾಗೆಯೇ ಕೂತಿದ್ದರು. ಕಿಟಕಿಯಿಂದ ನೋಡುತ್ತಿದ್ದ ನಮಗೂ ಅಂದು ಅಂಜಿಕೆಯಾಯಿತು. ಕ್ಷಯವಿಲ್ಲ ಎಂಬ ವರದಿಯನ್ನು ನಾವೇ ಹಿಡಿದು ಹೊರಗೆ ಹೋದೆವು. ಸಿಸ್ಟರ್ ಅದನ್ನು ಮೂರು ಸಲ ಓದಿ, ಎಂದಿನಂತೆ, ಇನ್ನೊಮ್ಮೆ ನೋಡಿರಿ ಎಂದರು. ಗೊಣಗುತ್ತಲೇ ಹೋಗಿ ಇನ್ನೊಮ್ಮೆ ನೋಡಿದೆವು. ಇರಲಿಲ್ಲ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಈ ಬೆಂಚಿಗೆ ಬರುವುದಾಗಿ ಅವರು ಮಾತು ಕೊಟ್ಟಿದ್ದಾರೆ. ದೇವರು ಅವರಿಗೆ ನೂರು ವರ್ಷ ಆಯುಷ್ಯ ಕೊಡಲಿ, ಕಣ್ಣು ಕೈ ಗಟ್ಟಿಯಿಟ್ಟು ಕೆಲಸ ಮಾಡಿಸಲಿ. ಅವರ ಅಂಜಿಕೆಯನ್ನು ಮಾತ್ರ ತೆಗೆಯದಿರಲಿ. ವರದಿಗಾಗಿ ಕಾಯುವವರು ಈ ಬೆಂಚಿನ ಮೇಲೆ ದಿನವೂ ಇರುತ್ತಾರೆ; ಅವರ ಪಕ್ಕದಲ್ಲಿ ಅಂಜಿಕೊಂಡು ಕೂರಲು ಒಬ್ಬರು ಬೇಕು.