ಒಂದೇ ತಾಯಿ ಮಕ್ಕಳು

ಶಿರಾಳಕೊಪ್ಪದ ಸಂತೆ ಬೀದಿಯ ಹಿಂದಿನ ಓಣಿಯಲ್ಲಿ ನಾಹಿದಾ ಬಟ್ಟೆ ಹೊಲಿಯುತ್ತಾಳೆ. ಮದುವೆ ಹೆಣ್ಣುಗಳ ರವಿಕೆಗೆ ಸೊರಬದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಅಳತೆ ಕೊಟ್ಟು ಹೋಗುತ್ತಾರೆ. ಕೂತು ಚಹಾ ಕುಡಿಯುವವರು ಕಡಿಮೆ.

ನಿಕಾಹ್‌ಗೆ ದಿನ ಗೊತ್ತಾಗಿದ್ದಾಗ ಜ್ವರ ಬಂದು ರಕ್ತ ಪರೀಕ್ಷೆ ಮಾಡಿಸಿದ್ದರು. ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಯಿತು, ಮದುವೆ ಮುರಿಯಿತು. ತಮ್ಮ ಮೊಯಿನ್‌ಗೆ ಹೆಂಡತಿ ಬಂದ ಮೇಲೆ ನಾಹಿದಾಳ ತಟ್ಟೆ ಲೋಟ ಬೇರೆಯಾದವು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವರಿಗೆ ಮಗು ಹುಟ್ಟಿದಾಗ ಎತ್ತಿಕೊಳ್ಳಲು ಕೈ ಚಾಚಿದಳು. “ಮಲಗೈತ್ರಿ,” ಎಂದು ತಮ್ಮನ ಹೆಂಡತಿ ಒಳಗೆ ಒಯ್ದಳು. ಮಗು ಕಣ್ಣು ಬಿಟ್ಟುಕೊಂಡೇ ಇತ್ತು. ಆ ತಿಂಗಳೇ ನಾಹಿದಾ ಹೊಲಿಗೆ ಯಂತ್ರ ಎತ್ತಿಸಿಕೊಂಡು ಈ ಬಾಡಿಗೆ ಕೋಣೆಗೆ ಬಂದಳು.

ಮೈಗೆ ಏನೂ ಆಗುತ್ತಿರಲಿಲ್ಲವಾದ್ದರಿಂದ ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟಳು. ವರ್ಷಗಳು ಹೋದವು. ನಲವತ್ತು ದಾಟಿದ ಮೇಲೆ ಅನ್ನ ಸೇರದಾಯಿತು, ಬಲಪಕ್ಕೆಯಲ್ಲಿ ನೋವು ಕೂತಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರ್ ಸೌಂದರ್ಯ, ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದರು.

“ಜೊತೆಗೆ ಯಾರು ಬಂದಿದ್ದಾರೆ?”

“ನಾನೇ ಬಂದೀನ್ರಿ.”

ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡು ಮನೆಯವರ ಬಗ್ಗೆ ಕೇಳಿದರು. ತಾಯಿ ಅಮೀನಾಬಿ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ತೀರಿಕೊಂಡಿದ್ದನ್ನು ನಾಹಿದಾ ಹೇಳಿದಳು.

“ಹುಟ್ಟುವಾಗ ತಾಯಿಯಿಂದಲೇ ನಿಮಗೆ ಬಂದಿರಬೇಕು. ಪಾಪ, ಅವರಿಗೂ ಗೊತ್ತಿರಲಿಕ್ಕಿಲ್ಲ. ರಕ್ತದಲ್ಲಿ ವೈರಸ್ಸನ್ನ ಹುಡುಕಿ ಕೊಲ್ಲೋ ಬಿಳಿ ಕಣಗಳಿರ್ತವೆ. ನೆಗಡಿ ಆದ್ರೆ ಬೇಗ ಕೆಲಸ ಮುಗಿಸ್ತವೆ. ನಿಮ್ಮಲ್ಲಿ ವೈರಸ್ ಹೋಗಲೇ ಇಲ್ಲ. ವರ್ಷಗಟ್ಟಲೆ ಅದು ಎದುರಿಗೇ ಇದ್ರೆ ಈ ಕಣಗಳು ದಣಿದುಬಿಡ್ತವೆ. ಕೆಲವು ಸಾಯ್ತವೆ, ಉಳಿದವು ಅಲ್ಲೇ ಇದ್ದೂ ಕೊಲ್ಲೋದಿಲ್ಲ, ಬ್ರೇಕ್ ಹಾಕ್ಕೊಂಡು ನಿಲ್ತವೆ. ಗಡ್ಡೆ ಒಳಗೂ ಹಂಗೇ ಆಗುತ್ತೆ.”

“ಬ್ರೇಕ್ ಯಾಕ್ರಿ?”

“ಇಲ್ಲದಿದ್ರೆ ಆ ಹೊಡೆದಾಟದಲ್ಲಿ ಲಿವರೇ ಹಾಳಾಗ್ತಿತ್ತು. ಬ್ರೇಕ್ ಬಿಡಿಸೋ ಔಷಧಿ ಇದೆ. ಎಲ್ಲರಿಗೂ ಹಿಡಿಯಲ್ಲ, ನೋಡೋಣ. ವೈರಸ್ಸಿನ ಮಾತ್ರೆ ಮಾತ್ರ ದಿನಾ ತಗೋಬೇಕು.”

ನಾಹಿದಾ ಸ್ಕ್ಯಾನ್ ರಿಪೋರ್ಟನ್ನು ಮಡಚಿಟ್ಟುಕೊಂಡಳು. “ತಟ್ಟೆಯಿಂದ ಇದು ಹರಡ್ತದೇನ್ರಿ? ಕೂಸು ಎತ್ತಿಕೊಂಡ್ರೆ?”

“ಇಲ್ಲಮ್ಮ. ಇಷ್ಟು ದಿನ ಯಾರೂ ಹೇಳಲಿಲ್ವಾ?”

ಅವಳು ಯಾರನ್ನೂ ಕೇಳಿರಲಿಲ್ಲ. ಆ ಮಗು ಈಗ ಕಾಲೇಜಿಗೆ ಹೋಗುತ್ತಿತ್ತು.

ಒಡಹುಟ್ಟಿದವರೂ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರ್ ಹೇಳಿದ್ದರಿಂದ ಬಸ್‌ಸ್ಟ್ಯಾಂಡಿನಲ್ಲೇ ನಿಂತು ಮೊಯಿನ್‌ಗೆ ಫೋನ್ ಮಾಡಿದಳು. ವಾರದ ನಂತರ ಅವನೇ ಫೋನ್ ಮಾಡಿದ.

“ಆಪಾ, ನನಗೂ ಐತಂತೆ. ಮನ್ಯಾಗ ಹೇಳಿಲ್ಲ. ನೀನೂ ಹೇಳಬ್ಯಾಡ.”

“ಹೇಳದಿದ್ರ ನಾನೇ ಬಂದು ಹೇಳ್ತೀನಿ. ನಿನ್ನ ಹೆಂಡ್ತಿಗೂ ಮಗನಿಗೂ ಪರೀಕ್ಷೆ ಮಾಡಿಸು, ಲಸಿಕೆ ಹಾಕಿಸು.”

ಮೊಯಿನ್ ಮನೆಯಲ್ಲಿ ಹೇಳಿದ. ಹೆಂಡತಿಗಾಗಲಿ ಮಗನಿಗಾಗಲಿ ರೋಗವಿರಲಿಲ್ಲ; ಇಬ್ಬರಿಗೂ ಲಸಿಕೆ ಆಯಿತು. ಮೊಯಿನ್‌ನ ತಟ್ಟೆಯನ್ನು ಮಾತ್ರ ಆ ಮನೆಯಲ್ಲಿ ಯಾರೂ ಬೇರೆ ಮಾಡಲಿಲ್ಲ. ಅದು ತಿಳಿದ ದಿನ ನಾಹಿದಾಗೆ ಸಮಾಧಾನವೂ ಆಯಿತು, ಯಂತ್ರ ತುಳಿಯಲು ಕಾಲೂ ಬರಲಿಲ್ಲ.

ಮೂರು ವಾರಕ್ಕೊಮ್ಮೆ ಒಬ್ಬಳೇ ಶಿವಮೊಗ್ಗಕ್ಕೆ ಹೋಗಿ ಬ್ರೇಕ್ ಬಿಡಿಸುವ ಔಷಧಿ ಏರಿಸಿಕೊಂಡು ಬಂದಳು. ಮೈಯೆಲ್ಲ ತುರಿಕೆ ಎದ್ದಿತು. ಎಚ್ಚೆತ್ತ ಕಣಗಳು ಚರ್ಮದ ಮೇಲೂ ಬಿದ್ದಿವೆ ಎಂದು ಡಾಕ್ಟರ್ ಮುಲಾಮು ಬರೆದುಕೊಟ್ಟರು. ಕೆರೆದುಕೊಳ್ಳುತ್ತಲೇ ಹೊಲಿದಳು. ಚಳಿಗಾಲದಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಗಡ್ಡೆ ಅರ್ಧಕ್ಕೆ ಇಳಿದಿತ್ತು. ಪೂರ್ತಿ ಹೋಗುತ್ತದೆಂದು ಡಾಕ್ಟರ್ ಹೇಳಲಿಲ್ಲ.

ಬಸ್ಸಿನಲ್ಲಿ ಫೋನ್ ಹಿಡಿದು ಕೂತಳು. ಮೊಯಿನ್ ಎತ್ತಲಿಲ್ಲ. ಪಕ್ಕದಲ್ಲಿ ಅಂಜನಾಪುರದ ಬಸವಣ್ಣೆಮ್ಮ ಎಂಬ ಮುದುಕಿ ಕೂತಿದ್ದಳು.

“ಗಡ್ಡೆ ಅರ್ಧ ಇಳಿದೈತಂತ್ರಿ,” ಎಂದಳು ನಾಹಿದಾ.

“ಯಾರಿಗವ್ವಾ?”

“ನನಗೇ.”

“ಚಲೋ ಆತು ಬಿಡು.” ಮುದುಕಿ ಅವಳ ಕೈ ಹಿಡಿದುಕೊಂಡಳು. ಶಿಕಾರಿಪುರ ಬಂದಾಗ ಬಿಟ್ಟು ಇಳಿದುಹೋದಳು.

ಶಿರಾಳಕೊಪ್ಪದಲ್ಲಿ ಇಳಿದಾಗ ನಾಹಿದಾಗೆ ಹಸಿವಾಗಿತ್ತು. ಮೀನು ಕೊಂಡು ಸಾರು ಮಾಡಿದಳು. ಒಬ್ಬಳಿಗೆ ಹೆಚ್ಚಾಯಿತು. ಎರಡು ಸಲ ಬಡಿಸಿಕೊಂಡು ಉಂಡಳು, ಓಣಿಯ ಬೆಕ್ಕಿಗೂ ಹಾಕಿದಳು.