ಒಂದು ಹಾಸು ಮುಗಿಯುವವರೆಗೆ

ಸೇಲಂನ ಗುಗೈಯಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ, ವಳ್ಳಿಯಮ್ಮ ಅಂತ ಒಬ್ಬಳಿದ್ದಾಳೆ. ಕರೆಂಟ್ ಮೀಟರ್ ನೋಡಲು ಬಂದವನನ್ನು ಆ ಕೆಂಪು ದೀಪ ಯಾಕೆ ಮಿಣುಕುತ್ತದೆ ಎಂದು ಕೇಳುವವಳು, ಗ್ಯಾಸ್ ತಂದವನನ್ನು ಸಿಲಿಂಡರಿನೊಳಗೆ ಇರುವುದು ಗಾಳಿಯೋ ನೀರೋ ಎಂದು ಕೇಳುವವಳು. ವಯಸ್ಸು ಐವತ್ತೆರಡು. ಅದರಲ್ಲಿ ಮೂವತ್ತಾರು ವರ್ಷ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯ್ದೇ ಕಳೆದಿದೆ.

ಎರಡು ವರ್ಷದ ಕೆಳಗೆ ಅವಳು ನಾಲ್ಕು ತಿಂಗಳು ಮಗ್ಗದಿಂದ ಎದ್ದುಬಿಟ್ಟಿದ್ದಳು. ಮೈ ಊದಿ, ಸೋತು, ಲಾಳಿ ಎಸೆಯುವ ಕೈ ಕಲ್ಲಾಗಿತ್ತು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಥೈರಾಯ್ಡ್ ತೊಂದರೆ, ನಿಮ್ಮ ದೇಹವೇ ನಿಮ್ಮ ಗ್ರಂಥಿಯನ್ನು ಹೊಡೆಯುತ್ತಿದೆ ಎಂದರು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಜೀವನಪೂರ್ತಿ. ಇವಳು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಟೋಕನ್ ಕೂಗಿದರು.

ಮಾತ್ರೆ ಕೆಲಸ ಮಾಡಿತು. ಎರಡು ತಿಂಗಳಲ್ಲಿ ಮಗ್ಗಕ್ಕೆ ಮರಳಿದಳು. ಆದರೆ ನನ್ನ ಮೈಯೇ ನನ್ನನ್ನು ಯಾಕೆ ಹೊಡೆಯುತ್ತದೆ, ನಾನು ಅದಕ್ಕೆ ಏನು ಮಾಡಿದೆ? ಈ ಪ್ರಶ್ನೆ ಮಾತ್ರ ಹೊಟ್ಟೆಯೊಳಗೆ ಹಾಗೇ ಉಳಿಯಿತು. ಗಂಡ ಸುಬ್ಬರಾಯನ್ ಅವರಿಗೆ ಉತ್ತರ ಗೊತ್ತಿಲ್ಲ. ಶಾಲೆಯಲ್ಲಿ ಪಾಠ ಹೇಳುವ ಮಗಳು ಕಾರ್ತಿಕಾ ಫೋನಿನಲ್ಲಿ ಹುಡುಕಿ ಓದಿ ಹೇಳಿದ್ದು ಇವಳ ತಲೆಗೆ ಹತ್ತಲಿಲ್ಲ.

ಹಾಗಿರುವಾಗ ಮೊರಪ್ಪೂರಿನ ಹರಿಹರನ್ ಸುದ್ದಿ ಕಿವಿಗೆ ಬಿತ್ತು. ಚೀನಾದ ವಿದ್ಯೆ ಕಲಿತವನು, ಅಕ್ಯುಪಂಕ್ಚರ್ ಸೂಜಿ ಹಾಕುತ್ತಾನೆ, ನಮ್ಮ ಕನ್ನಡದವನೇ ಎಂದರು. ಒಂದು ಭಾನುವಾರ ಬೆಳಿಗ್ಗೆ ವಳ್ಳಿಯಮ್ಮ ರೈಲು ಹತ್ತಿದಳು.

ಸ್ಟೇಷನ್ನಿನ ಹಿಂದೆ ಒಂದು ಕೋಣೆ, ಒಂದು ಮಂಚ. ಗೋಡೆಯ ಮೇಲೆ ಬೆತ್ತಲೆ ಮನುಷ್ಯನ ಚಿತ್ರ, ತಲೆಯಿಂದ ಕಾಲಿನವರೆಗೆ ಬಣ್ಣಬಣ್ಣದ ಗೆರೆಗಳು. ಹರಿಹರನ್ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ನೋಡಿದ. ಇವಳು ಚಿತ್ರವನ್ನೇ ನೋಡುತ್ತಿದ್ದಳು.

“ಗೆರೆ ಎಲ್ಲಾ ಉದ್ದಕ್ಕೇ ಐತೆ. ಅಡ್ಡ ಎಳೆ ಎಲ್ಲಿ ತಮ್ಮಾ?”

ಅವನು ನಕ್ಕ. ಹತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ. “ಒಂದೇ ಒಂದು ಐತೆ ಅಕ್ಕಾ. ಸೊಂಟದ ಸುತ್ತ.”

ಅಲ್ಲಿಗೆ ವಳ್ಳಿಯಮ್ಮ ಸೋತಳು ಎನ್ನಿ. ಅವಳ ಕಣ್ಣಿಗೆ ಕಂಡದ್ದು ಮನುಷ್ಯನಲ್ಲ, ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸು, ಅವರ ಬೀದಿಯ ಮಾತಿನಲ್ಲಿ ಪಾವು. ಎಲ್ಲೋ ಒಂದು ಎಳೆ ಕಿತ್ತುಹೋಗಿದೆ, ಬೆರಳಾಡಿಸಿ ಹುಡುಕಿ ಗಂಟು ಹಾಕಿದರೆ ಸರಿಹೋಗುತ್ತದೆ. ಅವನು ಹೇಳಿದ್ದೆಲ್ಲ ಅವಳಿಗೆ ಹಾಗೇ ಅರ್ಥವಾಯಿತು. ಒಳಗಿನ ಕಾವು ಕುಂದಿದೆ, ಹರಿವು ತಡೆದಿದೆ, ಅದಕ್ಕೇ ಮೈ ದಿಕ್ಕೆಟ್ಟು ತನ್ನನ್ನೇ ಹೊಡೆಯುತ್ತಿದೆ ಎಂದು ಅವನು ಅರ್ಧ ಗಂಟೆ ಬಿಡಿಸಿ ಹೇಳಿದ. ಎರಡು ವರ್ಷದಲ್ಲಿ ಅವಳ ಪ್ರಶ್ನೆಗೆ ಕೂತು ಉತ್ತರ ಕೊಟ್ಟವನು ಅವನೊಬ್ಬನೇ. ಕೊನೆಗೆ ಪಾದದ ಹತ್ತಿರ ಕೂದಲಿನಂಥ ಸೂಜಿ ಚುಚ್ಚಿ, ಇಂಗ್ಲಿಷ್ ಮಾತ್ರೆ ಇರುವವರೆಗೆ ದೇಹ ತಾನಾಗಿ ಕೆಲಸ ಮಾಡುವುದಿಲ್ಲ, ನಿಲ್ಲಿಸಿಬಿಡಿ ಎಂದ.

ಮನೆಯಲ್ಲಿ ರಂಪವಾಯಿತು. ಮತ್ತೆ ಮಗ್ಗದಿಂದ ಎದ್ದರೆ ಈ ಸಲ ಕೂರುವುದು ಕಷ್ಟ ಎಂದು ಸುಬ್ಬರಾಯನ್ ಬೇಡಿಕೊಂಡರು. ಡಾಕ್ಟರನ್ನು ಕೇಳದೆ ಬಿಡಬಾರದು ಎಂದು ಕಾರ್ತಿಕಾ ಜಗಳವಾಡಿದಳು. ವಳ್ಳಿಯಮ್ಮನಿಗೂ ಇದ್ದ ಭಯ ಅದೊಂದೇ, ಮಗ್ಗ ತಪ್ಪುವುದು. ಆದರೆ ಕುತೂಹಲ ಭಯಕ್ಕಿಂತ ಒಂದು ಗೇಣು ಮುಂದಿತ್ತು.

“ಒಂದು ಪಾವು ಮುಗೀಲಿ. ಅಷ್ಟ್ರಾಗೆ ಗೊತ್ತಾತೈತೆ,” ಎಂದು ಮಾತ್ರೆ ನಿಲ್ಲಿಸಿಬಿಟ್ಟಳು.

ಒಂದು ಪಾವಿಗೆ ನಾಲ್ಕು ಸೀರೆ. ಸೀರೆಗೆ ಹತ್ತು ದಿನ. ನೇಕಾರರ ಮನೆಯಲ್ಲಿ ಮದುವೆ ಮಾತುಕತೆಯಾಗಲಿ, ಮನೆ ರಿಪೇರಿಯಾಗಲಿ, ವಾಯಿದೆ ಹೇಳುವುದೇ ಪಾವಿನ ಲೆಕ್ಕದಲ್ಲಿ. ರೋಗಕ್ಕೂ ಅದೇ ಲೆಕ್ಕ ಹಿಡಿದಳು.

ಮೊದಲ ಸೀರೆ ಒಂಬತ್ತೇ ದಿನಕ್ಕೆ ಇಳಿಯಿತು. ವಾರಕ್ಕೊಮ್ಮೆ ಸೂಜಿ. ವರ್ಷಗಳಿಂದ ಕಾಡುತ್ತಿದ್ದ ಕುತ್ತಿಗೆ ನೋವು ಹೋಯಿತು, ನಿದ್ದೆಯೂ ಚೆನ್ನಾಗಿ ಬಂತು. ಬೀದಿಯಲ್ಲಿ ನಾಲ್ಕು ಹೆಂಗಸರಿಗೆ ಹೇಳಿಕೊಂಡು ಬಂದಳು.

ಎರಡನೆಯ ಸೀರೆಯಲ್ಲಿ ರೇಷ್ಮೆ ಹಟ ಹಿಡಿಯಿತು. ಎಳೆ ಬೆರಳಿಗೆ ಸಿಕ್ಕಿ ಸಿಕ್ಕಿ ಸಣ್ಣ ನಾರು ಎದ್ದು ನವಿರೇಳುತ್ತಿತ್ತು. ನೂಲು ಸರಿಯಿಲ್ಲ ಎಂದಳು, ಸುಬ್ಬರಾಯನ್ ಬೇರೆ ನೂಲು ತಂದರು. ಪಾವಿಗೆ ಗಂಜಿ ಹೆಚ್ಚಾಗಿದೆ ಎಂದಳು, ಅವರು ತಲೆಯಾಡಿಸಿದರು. ನೇಕಾರರ ಮನೆ ನೋಡಿ, ಬಟ್ಟೆ ಕೆಟ್ಟರೆ ಬೈಗುಳ ಮೊದಲು ಬೀಳುವುದು ನೂಲಿಗೆ, ಆಮೇಲೆ ಗಂಜಿಗೆ, ಕೊನೆಗೆ ಬಣ್ಣ ಹಾಕಿದವನಿಗೆ. ನೇಯುವ ಕೈಯನ್ನು ಯಾರೂ ಬೈಯುವುದಿಲ್ಲ.

ಮೂರನೆಯ ಸೀರೆಗೆ ಹದಿನೇಳು ದಿನ ಹಿಡಿಯಿತು. ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ಸೇಲಂ ಬೇಯುತ್ತಿದ್ದರೆ ಇವಳು ಫ್ಯಾನ್ ಆರಿಸಿ ಕೂರುತ್ತಿದ್ದಳು. ದನಿ ಗೊಗ್ಗರಾಯಿತು. ಮೊರಪ್ಪೂರಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಒಳ್ಳೆಯ ಲಕ್ಷಣ, ಒಳಗಿನ ಕಸ ಹೊರಗೆ ಹೋಗುತ್ತಿದೆ ಎಂದ ಹರಿಹರನ್.

“ಕಸ ಆಚೆ ಓಗೋದಕ್ಕೂ ರೋಗ ಒಳಕ್ ಬರೋದಕ್ಕೂ ಗುರುತು ಏನ್ ತಮ್ಮಾ? ಎಂಗೆ ಕಂಡ್ಕೊಳ್ಳೋದು?”

ಹರಿಹರನ್ ನಾಡಿ ಹಿಡಿದ. ಬಿಟ್ಟ. ತಾಳ್ಮೆ ಬೇಕು ಅಕ್ಕಾ ಎಂದ. ಅದು ತನ್ನ ಪ್ರಶ್ನೆಗೆ ಉತ್ತರವಲ್ಲ ಎಂಬುದು ರೈಲು ಸೇಲಂ ಮುಟ್ಟುವವರೆಗೂ ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಅವನಿಗೆ ಗುರುತು ಗೊತ್ತಿಲ್ಲದಿದ್ದರೆ ತಾನೇ ಹುಡುಕಬೇಕು.

ಮನೆಗೆ ಬಂದವಳೇ ಕಾರ್ತಿಕಾಳನ್ನು ಮಗ್ಗದ ಹತ್ತಿರ ಕರೆದಳು. ಒಂದು ರೇಷ್ಮೆ ಎಳೆ ತೆಗೆದು ಮಗಳ ಬೆರಳ ತುದಿಯ ಮೇಲೆ ಎಳೆದಳು. ಎಣ್ಣೆಯಲ್ಲಿ ಜಾರಿದಂತೆ ಜಾರಿತು. ಅದೇ ಎಳೆಯನ್ನು ತನ್ನ ಬೆರಳ ಮೇಲೆ ಎಳೆದಳು. ಕರ್ ಎಂದು ಸಿಕ್ಕಿ ನವಿರೆದ್ದಿತು. ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಚರ್ಮವೆಲ್ಲ ಒಣಗಿದ ಕೆರೆಯ ತಳದಂತೆ ಬಿರಿದಿತ್ತು.

“ನೂಲು ಚೆನ್ನಾಗೇ ಐತೆ,” ಎಂದಳು. “ಕೆಟ್ಟಿರೋದು ನಾನು.”

ಕಾರ್ತಿಕಾ ಎದ್ದು ಒಳಗೆ ಹೋದಳು. ಎಳೆ ಎಣಿಸುವ ಪುಟ್ಟ ಭೂತಗನ್ನಡಿ ತಂದಳು. ತಾಯಿ ಮಗಳು ಮೊದಲ ಸೀರೆಯನ್ನೂ ಮೂರನೆಯದನ್ನೂ ಹಾಸಿ ಎಣಿಸಿದರು. ಮೊದಲನೆಯದರಲ್ಲಿ ಅಂಗುಲಕ್ಕೆ ಅರವತ್ತೆಂಟು ಹೊಕ್ಕು. ಮೂರನೆಯದರಲ್ಲಿ ಅರವತ್ತು. ಅಡ್ಡ ಎಳೆಯನ್ನು ಬಿಗಿಯಾಗಿ ಕೂರಿಸುವ ತನ್ನ ಪೆಟ್ಟು ಸಡಿಲವಾದದ್ದು ಅವಳ ಕೈಗೆ ಗೊತ್ತೇ ಆಗಿರಲಿಲ್ಲ. ಅಳೆಯುವ ಕೈಯೇ ಸೋತಿದ್ದರೆ ಯಾವ ಕೈ ಅದನ್ನು ಹೇಳಬೇಕು?

ನಾಲ್ಕನೆಯ ಸೀರೆಗೆ ಕಾಯಲಿಲ್ಲ. ಮರುದಿನ ಬೆಳಿಗ್ಗೆ ರಕ್ತ ಕೊಟ್ಟಳು. ಐದರೊಳಗೆ ಇರಬೇಕಾದ ಥೈರಾಯ್ಡ್ ಅಳತೆ, ಟಿ.ಎಸ್.ಎಚ್., ಎಪ್ಪತ್ತು ದಾಟಿತ್ತು. ಡಾಕ್ಟರು ಬೈದರು, ಬೈಸಿಕೊಂಡಳು. ಈ ಸಲ ಟೋಕನ್ ಕೂಗಿದರೂ ಏಳಲಿಲ್ಲ. ಮೈ ಯಾಕೆ ತನ್ನನ್ನೇ ಹೊಡೆಯುತ್ತದೆ ಎಂದು ಕೇಳಿದಳು. ಪೂರ್ತಿ ಕಾರಣ ನಮಗೂ ಗೊತ್ತಿಲ್ಲಮ್ಮ, ಗ್ರಂಥಿ ಕೊಡಲಾರದ್ದನ್ನು ಮಾತ್ರೆ ತುಂಬಿಕೊಡುತ್ತದೆ ಅಷ್ಟೇ ಎಂದರು ಅವರು. ಗೊತ್ತಿಲ್ಲ ಎಂಬ ಆ ಮಾತು ಅವಳಿಗೆ ಯಾಕೋ ಸಮಾಧಾನ ತಂದಿತು.

ಮತ್ತೆ ಮಾತ್ರೆ. ಎರಡು ತಿಂಗಳಿಗೆ ಬೆರಳು ನುಣುಪಾಯಿತು, ಎಪ್ಪತ್ತು ಇದ್ದದ್ದು ಆರಕ್ಕೆ ಇಳಿಯಿತು. ಆಮೇಲೆ ಒಂದು ಭಾನುವಾರ ಎರಡೂ ರಿಪೋರ್ಟು ಹಿಡಿದು ಮೊರಪ್ಪೂರಿಗೆ ಹೋದಳು. ಜಗಳಕ್ಕಲ್ಲ. ಹರಿಹರನ್ ಓದಿ ಮುಗಿಸುವವರೆಗೆ ಕಾದಳು.

“ನೀ ಚುಚ್ಚಿದ ಊಸಿಗೆ ಕುತ್ಗೆ ನೋವು ಓಗಿದ್ದು ದಿಟ. ಮಾತ್ರೆ ಬಿಟ್ಟು ನಾನು ಕೆಟ್ಟಿದ್ದೂ ದಿಟ. ಎರಡೂ ಬರ್ಕೋ ತಮ್ಮಾ.”

ಅವನು ರಿಪೋರ್ಟು ಮಡಚಿಟ್ಟ. ಕಲಿಸಿದವರು ಹಾಗೇ ಕಲಿಸಿದರು ಅಕ್ಕಾ ಎಂದ.

“ಆಗ್ಲಿ. ಇನ್ನೂ ಎಷ್ಟು ಜನಕ್ಕೆ ಮಾತ್ರೆ ಬಿಡು ಅಂದಿದೀಯ?”

ಹರಿಹರನ್ ನೋಟುಬುಕ್ಕು ತೆಗೆದ. ಪುಟ ತಿರುವುತ್ತಾ ಹೋದಂತೆ ಅವನ ಮುಖ ಸಣ್ಣದಾಯಿತು. ಥೈರಾಯ್ಡಿನವರೇ ಆರು ಜನ. ಫೋನು ಕೈಗೆತ್ತಿಕೊಂಡು ಮೊದಲ ಹೆಸರಿಗೆ ಕರೆ ಮಾಡಿದ. ನಾನು ಹೇಳಿದ್ದು ತಪ್ಪು, ಮಾತ್ರೆ ವಿಷಯ ಡಾಕ್ಟರ ಹತ್ತಿರವೇ ಕೇಳಿ, ನಾಳೆಯೇ ಹೋಗಿ ಎಂದ. ಎರಡನೆಯವರಿಗೂ ಅದನ್ನೇ ಹೇಳಿದ. ಮೂರನೆಯವರು ಫೋನ್ ಎತ್ತಲಿಲ್ಲ. ಆಮೇಲೆ ನೋಡೋಣ ಎಂದು ಅವನು ಪುಟ ಮುಚ್ಚಲು ಹೋದ.

ವಳ್ಳಿಯಮ್ಮ ಮಂಚದ ಮೇಲೆ ಕಾಲು ಮಡಚಿ ಸರಿಯಾಗಿ ಕೂತಳು. ತನಗೆ ಸಂಜೆಯವರೆಗೂ ರೈಲಿದೆ, ನಾಲ್ಕನೆಯವರಿಗೆ ಮಾಡು, ಅಷ್ಟರಲ್ಲಿ ಮೂರನೆಯವರು ಎತ್ತಬಹುದು ಎಂದಳು.